ಸೈರಸ್ ಮತ್ತು ‘ಶಾಂತಿಯುತ ಉದ್ದೇಶ’: ಭಾರತ–ಕೆನಡಾ ಪರಮಾಣು ಸ್ನೇಹ ಮುರಿದ ಬಗೆ

ಮುಂಬಯಿಯ ಟ್ರಾಂಬೆಯಲ್ಲಿದ್ದ ‘ಸೈರಸ್’ ಎಂಬ ಸಂಶೋಧನಾ ರಿಯಾಕ್ಟರಿನ ಹೆಸರನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿದ್ದೀರಿ. ಆ ಹೆಸರನ್ನು ಬಿಡಿಸಿ ನೋಡಿದ್ದೀರಾ? ಇಂಗ್ಲಿಷಿನ ಐದು ಅಕ್ಷರಗಳ ಹೆಸರು ಅದು. ಮೊದಲನೆಯದು ಕೆನಡಾದ್ದು, ಎರಡನೆಯದು ಇಂಡಿಯಾದ್ದು, ಮೂರನೆಯದು ರಿಯಾಕ್ಟರಿನದು. ಕೊನೆಯ ಎರಡು ಅಕ್ಷರಗಳು ಅಮೆರಿಕದವು. ರಿಯಾಕ್ಟರಿಗೆ ಬೇಕಾದ ಭಾರಜಲವನ್ನು ಆ ದೇಶ ಕೊಟ್ಟದ್ದರಿಂದ ಅವು ಸೇರಿಕೊಂಡವು. ಮೂರು ಮಿತ್ರರಾಷ್ಟ್ರಗಳ ಹೆಸರನ್ನು ಹೊತ್ತ ಯಂತ್ರ. ಅದೇ ಯಂತ್ರದಲ್ಲಿ ಹುಟ್ಟಿದ ಪ್ಲುಟೋನಿಯಂ 1974ರ ಮೇ 18ರಂದು ರಾಜಸ್ಥಾನದ ಪೋಖರಣದಲ್ಲಿ ಸ್ಫೋಟಿಸಿತು. ನಾಲ್ಕೇ ದಿನಗಳಲ್ಲಿ ಕೆನಡಾ ತನ್ನ ಪರಮಾಣು ನೆರವನ್ನು ನಿಲ್ಲಿಸಿತು.

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಂದಿಗೆ ಬೀಜ ವಿದಳನದ ಪಾಠ ಚರ್ಚಿಸುತ್ತಿದ್ದಾಗ ಈ ಸಂಗತಿ ಬಂತು. ಒಬ್ಬ ಶಿಕ್ಷಕಿ ಕೇಳಿದರು: “ಸರ್, ಕೊಟ್ಟವ್ರೇ ಯಾಕ ಸಿಟ್ಟಿಗೆದ್ರು ರೀ? ಕೊಡೂ ಮುಂದ ಗೊತ್ತಿರ್ಲಿಲ್ಲೇನು?” ಪ್ರಶ್ನೆಯ ಎರಡನೆಯ ಭಾಗವೇ ಮುಖ್ಯವಾದದ್ದು. ಕೊಡುವಾಗ ಅವರಿಗೆ ಏನು ಗೊತ್ತಿತ್ತು? ಇದಕ್ಕೆ ಉತ್ತರ ರಾಜತಾಂತ್ರಿಕ ಕಡತಗಳಲ್ಲಿ ಇರುವಷ್ಟೇ ನ್ಯೂಟ್ರಾನಿನ ನಡವಳಿಕೆಯಲ್ಲಿಯೂ ಇದೆ. ಆದ್ದರಿಂದ ನಾವು ಅಲ್ಲಿಂದಲೇ ಹೊರಡೋಣ.

ಕೊಡುಗೆಯಾಗಿ ಬಂದ ರಿಯಾಕ್ಟರ್

ಎರಡನೆಯ ಮಹಾಯುದ್ಧದ ನಂತರ ಹೊಸದಾಗಿ ಸ್ವತಂತ್ರಗೊಂಡ ಏಷ್ಯಾದ ದೇಶಗಳಿಗೆ ನೆರವಾಗಲು ಕಾಮನ್‌ವೆಲ್ತ್ ರಾಷ್ಟ್ರಗಳು ಕೊಲಂಬೊ ಯೋಜನೆಯನ್ನು ರೂಪಿಸಿದವು. ಗೋಧಿ, ರೈಲು ಎಂಜಿನ್, ಅಣೆಕಟ್ಟಿನ ಸಲಕರಣೆಗಳ ಜೊತೆಗೆ ಕೆನಡಾ ಭಾರತಕ್ಕೆ ಒಂದು ಪರಮಾಣು ರಿಯಾಕ್ಟರನ್ನೂ ಕೊಡಲು ಮುಂದಾಯಿತು. 1956ರ ಏಪ್ರಿಲ್ 28ರಂದು ಒಪ್ಪಂದಕ್ಕೆ ಸಹಿ ಬಿತ್ತು. ಇದರ ಹಿಂದೆ ವಿಜ್ಞಾನಿಗಳ ಸ್ನೇಹವೂ ಇತ್ತು. ಕೆನಡಾದ ಚಾಕ್ ರಿವರ್ ಪ್ರಯೋಗಾಲಯದ ಮುಖ್ಯಸ್ಥ ಡಬ್ಲ್ಯು. ಬಿ. ಲೂಯಿಸ್ ಮತ್ತು ನಮ್ಮ ಹೋಮಿ ಭಾಭಾ 1930ರ ದಶಕದ ಕೇಂಬ್ರಿಜ್‌ನಿಂದ ಪರಿಚಿತರು. ಯುದ್ಧ ಆರಂಭವಾದಾಗ ಭಾರತದಲ್ಲಿದ್ದ ಭಾಭಾ ಮರಳಿ ಹೋಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದು ನಿಮಗೆ ಗೊತ್ತಿರಬಹುದು. ಲೂಯಿಸ್ ಆಗ ರೇಡಾರ್ ಕೆಲಸದಲ್ಲಿದ್ದರು. ಯುದ್ಧ ಮುಗಿದ ಹತ್ತು ವರ್ಷಗಳಲ್ಲಿ ಇಬ್ಬರೂ ತಂತಮ್ಮ ದೇಶಗಳ ಪರಮಾಣು ಕಾರ್ಯಕ್ರಮದ ಚುಕ್ಕಾಣಿ ಹಿಡಿದಿದ್ದರು.

ಸೈರಸ್, ಚಾಕ್ ರಿವರ್‌ನಲ್ಲಿ 1947ರಿಂದ ನಡೆಯುತ್ತಿದ್ದ ಎನ್‌ಆರ್‌ಎಕ್ಸ್ ರಿಯಾಕ್ಟರಿನ ಮಾದರಿಯದು. ಇಂಧನ ನೈಸರ್ಗಿಕ ಯುರೇನಿಯಂ ಲೋಹ, ಮಂದಕ ಭಾರಜಲ, ತಂಪುಕಾರಿ ಸಾಮಾನ್ಯ ನೀರು. ಉಷ್ಣ ಸಾಮರ್ಥ್ಯ 40 ಮೆಗಾವಾಟ್. ಇದರಿಂದ ವಿದ್ಯುತ್ ಬರುವುದಿಲ್ಲ, ಬರುವುದು ನ್ಯೂಟ್ರಾನ್‌ಗಳು. ಅಮೆರಿಕ 21 ಟನ್ ಭಾರಜಲ ಕೊಟ್ಟಿತು. ಮೊದಲ ಸಲ ತುಂಬುವ ಇಂಧನದ ಸುಮಾರು ಅರ್ಧವನ್ನು ತಾವೇ ತಯಾರಿಸುವುದಾಗಿ ಭಾಭಾ ಪಟ್ಟು ಹಿಡಿದರು. ಟ್ರಾಂಬೆಯಲ್ಲಿ ತಯಾರಿಸಿಯೂ ತೋರಿಸಿದರು. 1960ರ ಜುಲೈ 10ರಂದು ಸೈರಸ್‌ನಲ್ಲಿ ಸರಪಳಿ ಕ್ರಿಯೆ ಆರಂಭವಾಯಿತು.

ಇಂಧನವನ್ನು ತಾವೇ ಮಾಡುವ ಪಟ್ಟು ಬರಿಯ ಸ್ವಾಭಿಮಾನದ್ದಲ್ಲ ಎಂಬುದನ್ನು ಗಮನಿಸಿ. ಇಂಧನ ಯಾರದೋ, ಉರಿದ ಇಂಧನದ ಮೇಲಿನ ಹಕ್ಕೂ ಅವರದೇ ಎಂಬ ವಾದ ಬರುತ್ತದೆ. ಇಂಧನ ನಮ್ಮದಾದರೆ ಅದರೊಳಗೆ ಹುಟ್ಟಿದ್ದೂ ನಮ್ಮದು.

ಒಪ್ಪಂದದಲ್ಲಿ ಕೆನಡಾ ಕೇಳಿದ್ದು ಒಂದೇ ಮಾತು: ರಿಯಾಕ್ಟರನ್ನೂ ಅದರಿಂದ ಬರುವ ಉತ್ಪನ್ನಗಳನ್ನೂ ಶಾಂತಿಯುತ ಉದ್ದೇಶಗಳಿಗೆ ಮಾತ್ರ ಬಳಸಬೇಕು. ಭಾರತ ಒಪ್ಪಿತು. ಅಮೆರಿಕದ ಭಾರಜಲದ ಕರಾರಿನಲ್ಲಿಯೂ ಹೀಗೇ ಬರೆದಿತ್ತು. ತಪಾಸಣಾಧಿಕಾರಿಗಳು ಬಂದು ನೋಡುವ, ಲೆಕ್ಕ ಕೇಳುವ ಷರತ್ತು ಎರಡರಲ್ಲೂ ಇರಲಿಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹುಟ್ಟಿದ್ದೇ 1957ರಲ್ಲಿ. ‘ಶಾಂತಿಯುತ’ ಎಂದರೆ ಏನು ಎಂಬ ವ್ಯಾಖ್ಯೆಯನ್ನು ಯಾರೂ ಬರೆಯಲಿಲ್ಲ.

ನ್ಯೂಟ್ರಾನ್ ಬಲ್ಲದ್ದು, ಬಲ್ಲದಿರುವುದು

ನೈಸರ್ಗಿಕ ಯುರೇನಿಯಂನಲ್ಲಿ ಸಾವಿರಕ್ಕೆ ಏಳು ಪರಮಾಣುಗಳಷ್ಟೇ ಯುರೇನಿಯಂ-235, ಉಳಿದವೆಲ್ಲ ಯುರೇನಿಯಂ-238. ನಿಧಾನಗತಿಯ ನ್ಯೂಟ್ರಾನ್ ತಾಕಿದಾಗ ಒಡೆಯುವುದು 235. ನ್ಯೂಟ್ರಾನನ್ನು ನಿಧಾನಗೊಳಿಸಲು ಸಾಮಾನ್ಯ ನೀರನ್ನು ಬಳಸಿದರೆ ಅದರಲ್ಲಿನ ಹೈಡ್ರೋಜನ್ ಹಲವು ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಇಷ್ಟು ತೆಳುವಾದ ಇಂಧನದಲ್ಲಿ ಸರಪಳಿ ಕ್ರಿಯೆ ನಿಲ್ಲುವುದಿಲ್ಲ. ಭಾರಜಲ ನುಂಗುವುದು ತೀರ ಕಡಿಮೆ. ಅದಕ್ಕಾಗಿಯೇ ಅದರ ಬೆಲೆ.

ಒಂದು ವಿದಳನದಲ್ಲಿ ಸರಾಸರಿ ಎರಡೂವರೆಗೆ ಹತ್ತಿರ ನ್ಯೂಟ್ರಾನ್‌ಗಳು ಹೊರಬರುತ್ತವೆ. ಒಂದು ಸರಪಳಿಯನ್ನು ಮುಂದುವರಿಸಲು ಬೇಕು. ಕೆಲವು ಸೋರಿಹೋಗುತ್ತವೆ, ಕೆಲವು ಕೊಳವೆಗಳ ಲೋಹದಲ್ಲಿ ಹೀರಲ್ಪಡುತ್ತವೆ. ಇನ್ನು ಕೆಲವನ್ನು ಯುರೇನಿಯಂ-238 ಸೆರೆಹಿಡಿಯುತ್ತದೆ. ಅದು ಯುರೇನಿಯಂ-239 ಆಗಿ, 23 ನಿಮಿಷಗಳ ಅರ್ಧಾಯುವಿನಲ್ಲಿ ಬೀಟಾ ಕಣ ಉಗುಳಿ ನೆಪ್ಚೂನಿಯಂ-239 ಆಗುತ್ತದೆ. ಸುಮಾರು ಎರಡೂಕಾಲು ದಿನಗಳ ಅರ್ಧಾಯುವಿನಲ್ಲಿ ಅದು ಇನ್ನೊಂದು ಬೀಟಾ ಕಣ ಕಳೆದುಕೊಂಡು ಪ್ಲುಟೋನಿಯಂ-239 ಆಗುತ್ತದೆ. ಇದನ್ನು ತಡೆಯಲು ಬರುವುದಿಲ್ಲ. ಯುರೇನಿಯಂ-238 ಇರುವ ಯಾವ ರಿಯಾಕ್ಟರಿನಲ್ಲಿಯೂ, ನಡೆಸುವವರ ಮನಸ್ಸಿನಲ್ಲಿ ಏನೇ ಇರಲಿ, ಪ್ಲುಟೋನಿಯಂ ಹುಟ್ಟಿಯೇ ತೀರುತ್ತದೆ.

ಎಷ್ಟು ಹುಟ್ಟುತ್ತದೆ? ಈ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿ ಮಾಡಬಲ್ಲ. ಒಂದು ಮೆಗಾವಾಟ್ ಒಂದು ದಿನ ನಡೆದರೆ ಬಿಡುಗಡೆಯಾಗುವ ಶಕ್ತಿ 8.64 × 10¹⁰ ಜೂಲ್. ಒಂದು ವಿದಳನಕ್ಕೆ ಸುಮಾರು 3.2 × 10⁻¹¹ ಜೂಲ್. ಭಾಗಿಸಿದರೆ 2.7 × 10²¹ ವಿದಳನಗಳು. ಅಷ್ಟು ಯುರೇನಿಯಂ-235 ಪರಮಾಣುಗಳ ತೂಕ ಒಂದು ಗ್ರಾಮಿಗೆ ತುಸು ಹೆಚ್ಚು. ಭಾರಜಲ ರಿಯಾಕ್ಟರಿನಲ್ಲಿ ಪ್ರತಿ ಹತ್ತು ವಿದಳನಕ್ಕೆ ಎಂಟೊಂಬತ್ತು ಪ್ಲುಟೋನಿಯಂ ಪರಮಾಣುಗಳು ಹುಟ್ಟುತ್ತವೆ. ಅಂದರೆ ಮೆಗಾವಾಟ್-ದಿನಕ್ಕೆ ಹೆಚ್ಚುಕಡಿಮೆ 0.9 ಗ್ರಾಂ. ಸೈರಸ್ 40 ಮೆಗಾವಾಟ್‌ನಲ್ಲಿ ವರ್ಷಕ್ಕೆ 250 ದಿನ ನಡೆದರೆ ಒಂಬತ್ತು ಕಿಲೋಗ್ರಾಂ. ಪೋಖರಣದ ಸಾಧನದಲ್ಲಿ ಇದ್ದದ್ದು ಸುಮಾರು ಆರು ಕಿಲೋಗ್ರಾಂ ಎನ್ನುತ್ತಾರೆ. ಒಂದು ದೊಡ್ಡ ಮೋಸಂಬಿಯ ಗಾತ್ರ, ಅಷ್ಟೇ.

ಕಮಲಾಪುರದ ಶಿಕ್ಷಕಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ಈ ಲೆಕ್ಕ ಚಾಕ್ ರಿವರ್‌ನವರಿಗೆ ನಮಗಿಂತ ಮೊದಲೇ ಗೊತ್ತಿತ್ತು. ಅವರ ಎನ್‌ಆರ್‌ಎಕ್ಸ್ ರಿಯಾಕ್ಟರಿನ ಮೂಲವೇ ಯುದ್ಧಕಾಲದ ಪ್ಲುಟೋನಿಯಂ ಯೋಜನೆ. ಸೈರಸ್ ಕೊಟ್ಟಾಗ ಏನು ಕೊಡುತ್ತಿದ್ದೇವೆಂದು ಕೆನಡಾದ ವಿಜ್ಞಾನಿಗಳಿಗೆ ತಿಳಿದಿರಲಿಲ್ಲ ಎಂದರೆ ನಂಬುವುದು ಕಷ್ಟ. ತಿಳಿದಿದ್ದೂ ಅವರು ಮಾತಿನ ಮೇಲೆ ನಂಬಿಕೆ ಇಟ್ಟರು.

ಉಳಿದರ್ಧ ಉತ್ತರಕ್ಕೆ ಕಮಲಾಪುರದ ಕೆಂಪು ಬಾಳೆಹಣ್ಣು ನೆರವಾಗುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ನಮ್ಮ ಕಡೆ ನೆಂಟರ ಮನೆಗೆ ಹೋಗುವಾಗ ಕೈಯಲ್ಲಿ ಒಯ್ಯುವಂಥದು. ಎಲ್ಲ ಬಾಳೆಹಣ್ಣುಗಳಂತೆ ಇದರಲ್ಲಿಯೂ ಪೊಟ್ಯಾಸಿಯಂ ಇದೆ. ನಿಸರ್ಗದ ಪೊಟ್ಯಾಸಿಯಂನಲ್ಲಿ ಅತ್ಯಲ್ಪ ಭಾಗ ವಿಕಿರಣಶೀಲ ಪೊಟ್ಯಾಸಿಯಂ-40. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಕ್ಷಯಿಸುತ್ತವೆ. (ಗಾಬರಿ ಬೇಡ, ನಿಮ್ಮ ದೇಹದೊಳಗೆ ಇದಕ್ಕಿಂತ ನೂರಾರು ಪಟ್ಟು ನಡೆಯುತ್ತಿದೆ.) ಕಲಬುರಗಿಯ ವಿಶ್ವವಿದ್ಯಾಲಯದಂಥ ಕಡೆ ಎಂ.ಎಸ್‌ಸಿ. ವಿದ್ಯಾರ್ಥಿಗಳು ಬಳಸುವ ಸೋಡಿಯಂ ಅಯೊಡೈಡ್ ಗ್ಯಾಮಾ ರೋಹಿತಮಾಪಕದ ಬಳಿ ಬಾಳೆಹಣ್ಣನ್ನು ಸುಟ್ಟ ಬೂದಿ ಇಟ್ಟು, ಸುತ್ತ ಸೀಸದ ಇಟ್ಟಿಗೆ ಜೋಡಿಸಿ, ತಾಳ್ಮೆಯಿಂದ ಎಣಿಸಿದರೆ 1460 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಒಂದು ಶಿಖರ ಏಳುತ್ತದೆ. ಅದು ಪೊಟ್ಯಾಸಿಯಂ-40ರ ಸಹಿ. ಸೀಸಿಯಂ-137ಕ್ಕೆ 662ರಲ್ಲಿ, ಪ್ಲುಟೋನಿಯಂ-239ಕ್ಕೆ 414ರಲ್ಲಿ, ಹೀಗೆ ಪ್ರತಿಯೊಂದಕ್ಕೂ ಅದರದೇ ಸಹಿಗಳಿವೆ. ಇಂದು ಅಂತರರಾಷ್ಟ್ರೀಯ ತಪಾಸಣಾಧಿಕಾರಿಗಳು ರಿಯಾಕ್ಟರ್ ಆವರಣಗಳಲ್ಲಿ ಮಾಡುವುದು ಬಹುಮಟ್ಟಿಗೆ ಇದೇ ಕೆಲಸ, ಇನ್ನಷ್ಟು ಸೂಕ್ಷ್ಮ ಉಪಕರಣಗಳಿಂದ. ಜೊತೆಗೆ ಮೊಹರು, ಕ್ಯಾಮೆರಾ, ತಕ್ಕಡಿ ಮತ್ತು ಲೆಕ್ಕದ ಪುಸ್ತಕ. ಎಂಟು ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿಗೆ ಸಾಕಾಗುವಷ್ಟು ಹೋಯಿತೆಂದು ಅವರ ಗಣನೆ.

ಈ ಉಪಕರಣ ‘ಇದೇನು’ ಎಂಬುದಕ್ಕೆ ಉತ್ತರ ಕೊಡುತ್ತದೆ, ‘ಎಷ್ಟು’ ಎಂಬುದಕ್ಕೂ ಕೊಡುತ್ತದೆ. ‘ಏಕೆ’ ಎಂದು ಕೇಳಿದರೆ ಸುಮ್ಮನಿರುತ್ತದೆ. ಪ್ಲುಟೋನಿಯಂ ಬೇಕೆನ್ನಲು ಭಾರತಕ್ಕೆ ಒಳ್ಳೆಯ ಕಾರಣವೇ ಇತ್ತು. ಭಾಭಾ ಅವರ ಮೂರು ಹಂತಗಳ ಯೋಜನೆಯಲ್ಲಿ ಎರಡನೆಯ ಹಂತದ ವೇಗ ರಿಯಾಕ್ಟರುಗಳಿಗೆ ಪ್ಲುಟೋನಿಯಂ ಇಂಧನ. ಅಲ್ಲಿಂದ ಮುಂದೆ ನಮ್ಮ ಕರಾವಳಿ ಮರಳಿನ ಥೋರಿಯಂ. ಅದಕ್ಕೆಂದೇ 1964ರಲ್ಲಿ ಟ್ರಾಂಬೆಯಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಘಟಕ ಸಿದ್ಧವಾಯಿತು. ಬಾಂಬಿಗೆ ಬೇಕಾದ ಶುದ್ಧ ಪ್ಲುಟೋನಿಯಂ-239 ಪಡೆಯಲು ಇಂಧನವನ್ನು ಹೆಚ್ಚು ಉರಿಸದೆ ಬೇಗ ಹೊರತೆಗೆಯಬೇಕು. ಇಲ್ಲವಾದರೆ ಪ್ಲುಟೋನಿಯಂ-240 ಬೆರೆತು ತೊಂದರೆ ಕೊಡುತ್ತದೆ. ಹಾಗಾದರೆ ಬೇಗ ತೆಗೆದದ್ದೇ ಸಾಕ್ಷಿಯಲ್ಲವೆ ಎಂದು ನೀವು ಕೇಳಬಹುದು. ಆದರೆ ಸೈರಸ್‌ನ ಇಂಧನ ಯುರೇನಿಯಂ ಲೋಹ. ಹೆಚ್ಚು ಕಾಲ ಇಟ್ಟರೆ ಅದು ಉಬ್ಬುತ್ತದೆ, ಆದ್ದರಿಂದ ಬೇಗ ತೆಗೆಯಲೇಬೇಕು. ಸಾಕ್ಷಿ ಎರಡೂ ಕಡೆ ವಾಲುತ್ತದೆ.

1971ರ ಎರಡು ಪತ್ರಗಳು

1964ರ ಅಕ್ಟೋಬರಿನಲ್ಲಿ ಚೀನಾ ಬಾಂಬ್ ಸಿಡಿಸಿತು. ಭಾರತದಲ್ಲಿ ಬಾಂಬಿನ ಚರ್ಚೆ ಬಿಸಿಯೇರಿತು. 1968ರಲ್ಲಿ ಪರಮಾಣು ಅಸ್ತ್ರ ಪ್ರಸರಣ ತಡೆ ಒಪ್ಪಂದ ಸಿದ್ಧವಾದಾಗ ಅದು ಐದು ದೇಶಗಳಿಗೆ ಮಾತ್ರ ಬಾಂಬಿನ ಹಕ್ಕು ಕೊಡುವ ತಾರತಮ್ಯ ಎಂದು ಭಾರತ ಸಹಿ ಹಾಕಲಿಲ್ಲ. ಕೆನಡಾ ಸಹಿ ಹಾಕಿತು.

ಈ ವೇಳೆಗೆ ಕೆನಡಾದ ಪಾಲು ಇನ್ನೂ ದೊಡ್ಡದಾಗಿತ್ತು. 1963ರ ಒಪ್ಪಂದದಂತೆ ರಾಜಸ್ಥಾನದ ಕೋಟಾ ಬಳಿ 200 ಮೆಗಾವಾಟ್‌ನ ವಿದ್ಯುತ್ ರಿಯಾಕ್ಟರು ಕಟ್ಟಲಾಗುತ್ತಿತ್ತು, ಅದರ ಪಕ್ಕದಲ್ಲಿ ಎರಡನೆಯದೂ. ಇವು ‘ಕ್ಯಾಂಡು’ ಮಾದರಿಯವು. ಈ ಸಲ ಕೆನಡಾ ನಿಗಾ ಬೇಕೆಂದು ಹಟ ಹಿಡಿದು ಪಡೆದುಕೊಂಡಿತು. ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ: ಕೋಟಾದಲ್ಲಿ ತಪಾಸಣೆ ಉಂಟು, ಟ್ರಾಂಬೆಯ ಸೈರಸ್‌ನಲ್ಲಿ ಇಲ್ಲ.

ಕೆನಡಾದ ಪ್ರಧಾನಿ ಪಿಯರೆ ಟ್ರೂಡೊ 1971ರ ಜನವರಿಯಲ್ಲಿ ಭಾರತಕ್ಕೆ ಬಂದಿದ್ದರು. ಅದೇ ವರ್ಷ ಅಕ್ಟೋಬರ್ 1ರಂದು ಅವರು ಇಂದಿರಾ ಗಾಂಧಿಯವರಿಗೆ ಬರೆದ ಪತ್ರ ಈ ಇತಿಹಾಸದ ತಿರುವು. ಕೆನಡಾ ಕೊಟ್ಟ ವಸ್ತು, ಸಲಕರಣೆ, ಸ್ಥಾವರಗಳನ್ನು ಪರಮಾಣು ಸ್ಫೋಟಕ ಸಾಧನ ಮಾಡಲು ಬಳಸಿದರೆ ಸಹಕಾರದ ಒಪ್ಪಂದಗಳನ್ನು ಮರುಪರಿಶೀಲಿಸುವುದು ಅನಿವಾರ್ಯವಾಗುತ್ತದೆ ಎಂದು ಅದರಲ್ಲಿ ಸೈರಸ್ ಮತ್ತು ಕೋಟಾದ ರಿಯಾಕ್ಟರುಗಳ ಹೆಸರು ಹೇಳಿಯೇ ಬರೆದಿದ್ದರು. ‘ಬಾಂಬ್’ ಎನ್ನದೆ ‘ಸ್ಫೋಟಕ ಸಾಧನ’ ಎಂದದ್ದನ್ನು ಗಮನಿಸಿ. ಹದಿನೈದು ವರ್ಷ ತಡವಾಗಿ ಕೆನಡಾ ತನ್ನ ವ್ಯಾಖ್ಯೆಯನ್ನು ಕಾಗದದ ಮೇಲೆ ಇಟ್ಟಿತು.

ಬಾಂಗ್ಲಾ ವಿಮೋಚನೆಯ ಬಿಕ್ಕಟ್ಟು ಉಲ್ಬಣಿಸಿದ್ದ ಆ ತಿಂಗಳ ಕೊನೆಯಲ್ಲಿ ಇಂದಿರಾ ಗಾಂಧಿಯವರ ಉತ್ತರ ಹೋಯಿತು. ಒಪ್ಪಂದದ ಕರಾರುಗಳು ಇಬ್ಬರಿಗೂ ಸೇರಿದವು, ಒಬ್ಬರೇ ಅವನ್ನು ಬದಲಿಸಲು ಬಾರದು; ಮುಂದೆಂದೋ ಆಗಬಹುದಾದ ಕಲ್ಪಿತ ಸಂದರ್ಭಕ್ಕಾಗಿ ಈಗಲೇ ಅವಕ್ಕೆ ಇಂಥದೇ ಅರ್ಥ ಹಚ್ಚುವ ಅಗತ್ಯವಿಲ್ಲ ಎಂಬುದು ಅದರ ಸಾರ. ಕಾನೂನಿನ ದೃಷ್ಟಿಯಿಂದ ಈ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಆದರೆ ಸ್ನೇಹಿತನೊಬ್ಬ ನೇರವಾಗಿ ಕೇಳಿದ ಪ್ರಶ್ನೆಗೆ ಇದು ಉತ್ತರವೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಕೆನಡಾದವರೂ ಅಷ್ಟೇ. ಉತ್ತರ ಸಿಗಲಿಲ್ಲವೆಂದು ಗೊತ್ತಿದ್ದೂ ಕೋಟಾದ ಕೆಲಸವನ್ನು ಮುಂದುವರಿಸಿದರು. 1972ರ ಆಗಸ್ಟ್‌ನಲ್ಲಿ ಅಲ್ಲಿನ ಮೊದಲ ರಿಯಾಕ್ಟರು ಸರಪಳಿ ಕ್ರಿಯೆ ಸಾಧಿಸಿತು.

ತುಮಕೂರಿನವರು, ಪೋಖರಣದಲ್ಲಿ

ಆ ಹೊತ್ತಿಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರು ಡಾ. ರಾಜಾ ರಾಮಣ್ಣ. 1925ರಲ್ಲಿ ತುಮಕೂರಿನಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಭಾಭಾ ಅವರ ಬಳಗ ಸೇರಿದವರು. ಪಿಯಾನೊ ನುಡಿಸುವುದರಲ್ಲಿ ನುರಿತವರು. ಬೀಜ ವಿದಳನವೇ ಅವರ ಸಂಶೋಧನೆಯ ಕ್ಷೇತ್ರ. ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಹೋಮಿ ಸೇತ್ನಾ, ಪಿ. ಕೆ. ಅಯ್ಯಂಗಾರ್, ಆರ್. ಚಿದಂಬರಂ, ರಕ್ಷಣಾ ಸಂಶೋಧನೆಯ ಬಿ. ಡಿ. ನಾಗ್ ಚೌಧರಿ ಮೊದಲಾದವರ ಜೊತೆ ರಾಮಣ್ಣ ಈ ಕೆಲಸವನ್ನು ಮುನ್ನಡೆಸಿದರು. ವಿಷಯ ಬಲ್ಲ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು ನೂರಕ್ಕಿಂತ ಕಡಿಮೆ. ಕೇಂದ್ರ ಸಂಪುಟದ ಹೆಚ್ಚಿನ ಸದಸ್ಯರಿಗೂ ಸುಳಿವಿರಲಿಲ್ಲ.

1974ರ ಮೇ 18, ಬೆಳಗಿನ 8 ಗಂಟೆ 5 ನಿಮಿಷ. 107 ಮೀಟರ್ ಆಳದಲ್ಲಿ ಸ್ಫೋಟ. ಎಂಟಕ್ಕೆ ಸರಿಯಾಗಿ ಆಗಬೇಕಿದ್ದದ್ದು, ಕೊನೆಯ ತಪಾಸಣೆಗೆ ಹೋದವರ ಜೀಪು ಸ್ಟಾರ್ಟ್ ಆಗದೆ ಐದು ನಿಮಿಷ ತಡವಾಯಿತಂತೆ. ಪ್ರಕಟಿಸಿದ ಸಾಮರ್ಥ್ಯ 12 ಕಿಲೋಟನ್. ಹೊರಗಿನವರ ಅಂದಾಜುಗಳು ಇದಕ್ಕಿಂತ ಕಡಿಮೆ. ಆ ದಿನ ಬುದ್ಧ ಪೂರ್ಣಿಮೆಯಾಗಿತ್ತು, ‘ಬುದ್ಧ ನಗುತ್ತಿದ್ದಾನೆ’ ಎಂಬ ಸಂಕೇತ ದೆಹಲಿಗೆ ಹೋಯಿತು ಎಂಬ ಕಥೆಯನ್ನು ನೀವು ಕೇಳಿರುತ್ತೀರಿ. ಸಂಕೇತದ ಮಾತು ಹಾಗಿರಲಿ, ಪೂರ್ಣಿಮೆಯನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. 1974ರ ಜೂನ್ 4ರಂದು ಪಾರ್ಶ್ವ ಚಂದ್ರಗ್ರಹಣವಾಗಿತ್ತು. ಗ್ರಹಣವಾಗುವುದು ಹುಣ್ಣಿಮೆಯಂದೇ. ಅಲ್ಲಿಂದ 29.5 ದಿನ ಹಿಂದಕ್ಕೆ ಹೋದರೆ ಮೇ 6. ಮೇ 18 ಅಮಾವಾಸ್ಯೆಗೆ ಹತ್ತಿರ.

ಸ್ಫೋಟವನ್ನು ಭಾರತ ‘ಶಾಂತಿಯುತ ಪರಮಾಣು ಪ್ರಯೋಗ’ ಎಂದು ಕರೆಯಿತು. ಗಣಿ, ಕಾಲುವೆ, ತೈಲ ಕೆಲಸಗಳಿಗೆ ಸ್ಫೋಟದ ಉಪಯೋಗವನ್ನು ಅರಿಯುವುದು ಉದ್ದೇಶ ಎಂದು ವಿವರಣೆ. ಇಂದು ಇದನ್ನು ಕೇಳಿ ನಗುವವರುಂಟು, ಆದರೆ ಅಂದು ಇದು ಹುಸಿ ಮಾತಾಗಿರಲಿಲ್ಲ. ಅಮೆರಿಕ ‘ಪ್ಲೌಶೇರ್’ ಎಂಬ ಹೆಸರಿನಲ್ಲಿ ಇಂಥ ಎರಡು ಡಜನ್‌ಗೂ ಹೆಚ್ಚು ಸ್ಫೋಟ ನಡೆಸಿತ್ತು. ಸೋವಿಯತ್ ಒಕ್ಕೂಟ 1965ರಿಂದ 1988ರವರೆಗೆ ನೂರಕ್ಕೂ ಹೆಚ್ಚು ನಡೆಸಿತು. ಪ್ರಸರಣ ತಡೆ ಒಪ್ಪಂದದ ಐದನೆಯ ವಿಧಿಯಲ್ಲೇ ಶಾಂತಿಯುತ ಸ್ಫೋಟಗಳ ಪ್ರಯೋಜನವನ್ನು ಇತರರಿಗೂ ಹಂಚಬೇಕೆಂದು ಬರೆದಿದೆ. ದೊಡ್ಡವರು ಮಾಡಿದರೆ ಎಂಜಿನಿಯರಿಂಗ್, ನಾವು ಮಾಡಿದರೆ ಬಾಂಬೇ ಎಂಬ ನಮ್ಮ ದೂರಿನಲ್ಲಿ ಹುರುಳಿತ್ತು.

ಕೆನಡಾದ ಉತ್ತರವೂ ಅಷ್ಟೇ ನೇರ. ಶಾಂತಿಯುತ ಸ್ಫೋಟ ಸಾಧನಕ್ಕೂ ಬಾಂಬಿಗೂ ತಂತ್ರಜ್ಞಾನದಲ್ಲಿ ವ್ಯತ್ಯಾಸವಿಲ್ಲ ಎಂದಿತು. ಭೌತವಿಜ್ಞಾನದ ಮೇಷ್ಟ್ರಾಗಿ ನಾನು ಈ ವಾಕ್ಯವನ್ನು ಒಪ್ಪಲೇಬೇಕು. ಮೇ 22ರಂದು ವಿದೇಶಾಂಗ ಮಂತ್ರಿ ಮಿಚೆಲ್ ಶಾರ್ಪ್ ಪರಮಾಣು ನೆರವನ್ನು ತಡೆಹಿಡಿದರು. ಆಹಾರ ಮತ್ತು ಕೃಷಿಯ ನೆರವನ್ನು ಮುಟ್ಟಲಿಲ್ಲ. ಎರಡು ವರ್ಷ ಸಂಧಾನ ನಡೆದು, ಅಧಿಕಾರಿಗಳ ಮಟ್ಟದಲ್ಲಿ ಒಂದು ಕರಡು ಸಿದ್ಧವಾದರೂ ಕೆನಡಾದ ಸಂಪುಟ ಒಪ್ಪಲಿಲ್ಲ. 1976ರ ಮೇ ತಿಂಗಳಲ್ಲಿ ಸಂಬಂಧ ಪೂರ್ತಿ ಕಡಿಯಿತು.

ಹೆಸರಿನ ಕೊನೆಯ ಎರಡು ಅಕ್ಷರಗಳ ಒಡೆಯರಾದ ಅಮೆರಿಕದವರ ವರ್ತನೆ ಇನ್ನೂ ಸ್ವಾರಸ್ಯದ್ದು. ಅವರ ಸರ್ಕಾರ ಮೊದಮೊದಲು ತಾವು ಕೊಟ್ಟ ಭಾರಜಲ ವರ್ಷವರ್ಷ ಸೋರಿಹೋಗಿ, ಭಾರತದ ನಂಗಲ್‌ನಲ್ಲಿ ತಯಾರಾದ ಭಾರಜಲ ಅದರ ಜಾಗಕ್ಕೆ ಬಂದಿರಬೇಕೆಂಬ ಧಾಟಿಯಲ್ಲಿ ಮಾತಾಡಿತು. ಹಾಗಾದರೆ ಅಮೆರಿಕದ ಪಾಲಿಲ್ಲ, ಕರಾರು ಮುರಿದ ಪ್ರಶ್ನೆಯೂ ಇಲ್ಲ. ವರ್ಷಕ್ಕೆ ಹತ್ತು ಶೇಕಡ ಸೋರುತ್ತದೆಂದೇ ಇಟ್ಟುಕೊಳ್ಳಿ. ಹದಿನಾಲ್ಕು ವರ್ಷಗಳ ನಂತರ ಉಳಿಯುವುದು 0.9ರ ಹದಿನಾಲ್ಕನೆಯ ಘಾತ, ಅಂದರೆ 0.23. ನಾಲ್ಕನೆಯ ಒಂದು ಭಾಗಕ್ಕೆ ಹತ್ತಿರ! ಘಾತೀಯ ಇಳಿಕೆ ಸೊನ್ನೆಗೆ ಮುಟ್ಟುವುದಿಲ್ಲವೆಂಬುದನ್ನು ಮಂತ್ರಾಲಯದವರಿಗೂ ಕಲಿಸಬೇಕಾಗುತ್ತದೆ. ಸೆನೆಟರುಗಳು ಕೆದಕಿದ ಮೇಲೆ 1976ರಲ್ಲಿ ತಮ್ಮ ಭಾರಜಲ ಬಳಕೆಯಾಗಿರುವ ಸಂಭವ ಹೆಚ್ಚು ಎಂದು ಅಮೆರಿಕ ಒಪ್ಪಿಕೊಂಡಿತು.

ಪದದ ಜಗಳಕ್ಕೆ ತೆರೆ ಎಳೆದವರು ರಾಮಣ್ಣನವರೇ. 1997ರಲ್ಲಿ, ಪೋಖರಣದಲ್ಲಿ ತಾವು ಸಿಡಿಸಿದ್ದು ಬಾಂಬೇ ಆಗಿತ್ತೆಂದು ಅವರು ಪತ್ರಕರ್ತರ ಮುಂದೆ ಬಿಚ್ಚಿ ಹೇಳಿದರು. ಎರಡನೆಯ ಪೋಖರಣಕ್ಕೆ ಇನ್ನೂ ಏಳು ತಿಂಗಳಿತ್ತು. ಇಪ್ಪತ್ಮೂರು ವರ್ಷ ಇಡೀ ವಿದೇಶಾಂಗ ಇಲಾಖೆ ಕಾಪಾಡಿಕೊಂಡು ಬಂದ ಒಂದು ವಿಶೇಷಣವನ್ನು ಅವರು ಒಂದು ವಾಕ್ಯದಲ್ಲಿ ಕೈಬಿಟ್ಟರು. ನಮ್ಮ ಪುಸ್ತಕಗಳು ಈ ಮಾತನ್ನು ಇನ್ನೂ ಹೆಚ್ಚಾಗಿ ಎತ್ತಿಕೊಂಡಿಲ್ಲ. ರಾಮಣ್ಣನವರ ಮೇಲಿನ ಗೌರವ ಇದರಿಂದ ಕುಗ್ಗುತ್ತದೆಂದು ಹೆದರುವವರಿದ್ದಾರೆ. ನನಗೆ ಅದು ಹೆಚ್ಚಿತು.

ಕೋಟಾದಿಂದ ಕೈಗಾಕ್ಕೆ

ಕೆನಡಾದವರು ಹೋದಾಗ ಕೋಟಾದ ಎರಡನೆಯ ರಿಯಾಕ್ಟರು ಅರ್ಧಕ್ಕೆ ನಿಂತಿತ್ತು. ನಮ್ಮ ಎಂಜಿನಿಯರುಗಳು ಅದನ್ನು ಮುಗಿಸಿ 1981ರಲ್ಲಿ ವಾಣಿಜ್ಯ ಉತ್ಪಾದನೆಗೆ ಒಪ್ಪಿಸಿದರು. ಅದಕ್ಕೆ ಭಾರಜಲ ಸೋವಿಯತ್ ಒಕ್ಕೂಟದಿಂದ, ನಿಗಾ ಷರತ್ತಿನ ಮೇಲೆ ಬಂತು. ಮುಂದೆ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ, ಕೊನೆಗೆ 2000ದಲ್ಲಿ ನಮ್ಮ ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾ. 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗ ವಿಶ್ವದಾಖಲೆ ಬರೆದ ಕೈಗಾದ ಮೊದಲ ಘಟಕದ ವಂಶಾವಳಿ ಹಿಡಿದು ಹೋದರೆ ಕೋಟಾ ಸಿಗುತ್ತದೆ, ಅದರಾಚೆ ಕೆನಡಾ. ಕೈಬಿಟ್ಟದ್ದರಿಂದಲೇ ನಾವು ಕಲಿತೆವು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ವರ್ಷಗಟ್ಟಲೆ ತಡವಾಯಿತು, ಸುರಕ್ಷತೆಯ ಅನುಭವವನ್ನು ಕ್ಯಾಂಡು ನಡೆಸುವ ಇತರರೊಂದಿಗೆ ಹಂಚಿಕೊಳ್ಳುವ ಬಾಗಿಲು ಬಹುಕಾಲ ಮುಚ್ಚಿತ್ತು.

ಹೊರಗಿನ ಪ್ರಪಂಚವೂ ಬದಲಾಯಿತು. ಪೋಖರಣದ ಪರಿಣಾಮವಾಗಿ 1975ರಲ್ಲಿ ಲಂಡನ್ನಿನಲ್ಲಿ ಸೇರಿದ ದೇಶಗಳೇ ಪರಮಾಣು ಪೂರೈಕೆದಾರರ ಗುಂಪಾದವು. 1978ರ ಹೊಸ ಕಾನೂನಿನಿಂದ ಅಮೆರಿಕ ತಾರಾಪುರಕ್ಕೆ ಇಂಧನ ಕೊಡಲು ಹಿಂದೆಗೆಯಿತು. 1982ರಲ್ಲಿ ಫ್ರಾನ್ಸ್ ಮುಂದೆ ಬಂತು. ಯುರೇನಿಯಂ ಕೊರತೆ ಮಾತ್ರ ಬಿಡಲಿಲ್ಲ. 2007-08ರ ಸುಮಾರಿಗೆ ನಮ್ಮ ಭಾರಜಲ ರಿಯಾಕ್ಟರುಗಳು ಅರ್ಧ ಸಾಮರ್ಥ್ಯಕ್ಕೆ ಕುಸಿದಿದ್ದವು. ಕೈಗಾದ ನಾಲ್ಕನೆಯ ಘಟಕ ಇಂಧನಕ್ಕಾಗಿ ಕಾಯುತ್ತ ಕುಳಿತಿತ್ತು.

2008ರ ಸೆಪ್ಟೆಂಬರಿನಲ್ಲಿ ಪೂರೈಕೆದಾರರ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟಿತು. 2010ರ ಜೂನ್‌ನಲ್ಲಿ ಕೆನಡಾದೊಂದಿಗೆ ಹೊಸ ಒಪ್ಪಂದವಾಯಿತು. ಅದೇ ವರ್ಷದ ಡಿಸೆಂಬರ್ 31ರಂದು ಸೈರಸ್ ಶಾಶ್ವತವಾಗಿ ನಿಂತಿತು. ನಾಗರಿಕ ಮತ್ತು ಸೈನಿಕ ಸ್ಥಾವರಗಳನ್ನು ಬೇರ್ಪಡಿಸುವ ಯೋಜನೆಯಲ್ಲಿ ಭಾರತ ಹಾಗೆಂದು ಒಪ್ಪಿತ್ತು. 2015ರಲ್ಲಿ ಸಾಸ್ಕಾಚೆವಾನ್ ಪ್ರಾಂತದ ಯುರೇನಿಯಂ ಭಾರತಕ್ಕೆ ಬರತೊಡಗಿತು, ಈ ಸಲ ಗ್ರಾಂ ಗ್ರಾಮಿನ ಲೆಕ್ಕದೊಂದಿಗೆ.

ಆ ಯುರೇನಿಯಂ ಅಂತರರಾಷ್ಟ್ರೀಯ ನಿಗಾ ಇರುವ ರಿಯಾಕ್ಟರುಗಳಿಗೆ ಮಾತ್ರ ಮೀಸಲು. ಬೇರ್ಪಡಿಸುವ ಯೋಜನೆಯಲ್ಲಿ ಕೈಗಾದ ನಾಲ್ಕೂ ಘಟಕಗಳು ನಿಗಾದ ಹೊರಗೆ ಉಳಿದವು. ಅವು ದೇಶದೊಳಗೆ ಅಗೆದ ಯುರೇನಿಯಂನಿಂದಲೇ ನಡೆಯಬೇಕು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಯಾವ ಭೀಮಾ ಜಲಾನಯನದ್ದೋ ಅದೇ ಜಲಾನಯನದ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟಿನಲ್ಲಿ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಪತ್ತೆಯಾಗಿದೆ. 2009ರ ಕೊನೆಯವರೆಗೂ ಅದು ನಮ್ಮ ಜಿಲ್ಲೆಯೇ, ಈಗ ಯಾದಗಿರಿ. ಗಣಿ ಬೇಕೋ ಬೇಡವೋ ಎಂಬ ವಾದ ಅಲ್ಲಿನ ಊರವರದು, ಅದಕ್ಕೆ ನೀರಿನ, ನೆಲದ ಬೇರೆಯೇ ಲೆಕ್ಕಗಳಿವೆ. ಇಲ್ಲಿಗೆ ಸಂಬಂಧಿಸಿದ ಸಂಗತಿ ಇಷ್ಟೇ: ಗೋಗಿಯ ಅದಿರಿನಿಂದ ಎಂದಾದರೂ ಇಂಧನ ತಯಾರಾದರೆ ಅದನ್ನು ಕೈಗಾದಲ್ಲಿ ಉರಿಸಬಹುದು, ಸಾಸ್ಕಾಚೆವಾನಿನದನ್ನು ಉರಿಸುವಂತಿಲ್ಲ. ಎರಡರಲ್ಲೂ ಯುರೇನಿಯಂ-235 ಸಾವಿರಕ್ಕೆ ಏಳು.